ಗ್ರೀಕ್ ದೇವತೆಗಳ ಅಜ್ಞಾತವಾಸ

ಕತೆ ಮುಗಿಯಿತೆಂದು ಹೇಳುವ ತಂದೆಯ ಮಾತನ್ನು ಯಾವ ಮಗುವೂ ಒಪ್ಪುವುದಿಲ್ಲ. ‘ಆಮೇಲೆ?’ ಎಂಬ ಒಂದು ಪುಟ್ಟ ಬಾಣವನ್ನು ಅದು ಬಿಡುತ್ತದೆ. ಎಂಥ ಪಂಡಿತನಾದರೂ ಅದರ ಮುಂದೆ ತಲೆಬಾಗಲೇಬೇಕು. ಲೋಕದ ಪುರಾಣಗಳಲ್ಲಿ ಅರ್ಧದಷ್ಟಾದರೂ ಈ ಬಾಣಕ್ಕೆ ಹೆದರಿಯೇ ಬೆಳೆದಿರಬೇಕು.

ಅಮೆರಿಕದ ಟೆಕ್ಸಾಸ್ ಪ್ರಾಂತದ ಸ್ಯಾನ್ ಆಂಟೋನಿಯೊ ನಗರದಲ್ಲಿ ರಿಕ್ ರಿಯೋರ್ಡನ್ ಎಂಬ ಉಪಾಧ್ಯಾಯರು ಇದೇ ಇಕ್ಕಟ್ಟಿಗೆ ಸಿಕ್ಕಿಕೊಂಡರು. ಅವರು ಮಿಡಲ್ ಸ್ಕೂಲಿನ ಹುಡುಗರಿಗೆ ಇಂಗ್ಲಿಷನ್ನೂ ಚರಿತ್ರೆಯನ್ನೂ ಕಲಿಸುತ್ತಿದ್ದವರು. ಗ್ರೀಕ್ ಪುರಾಣಗಳೆಂದರೆ ಅವರಿಗೆ ಕರತಲಾಮಲಕ. ಬಿಡುವಿನ ವೇಳೆಯಲ್ಲಿ ದೊಡ್ಡವರಿಗಾಗಿ ಪತ್ತೇದಾರಿ ಕಾದಂಬರಿಗಳನ್ನು ಬರೆಯುತ್ತಿದ್ದರು. ಅವರ ಮಗನು ಎರಡನೆಯ ತರಗತಿಯಲ್ಲಿದ್ದಾಗ ಶಾಲೆಯೆಂದರೆ ಆ ಹುಡುಗನಿಗೆ ಕಂಟಕವಾಯಿತು. ಪುಸ್ತಕ ತೆರೆದರೆ ಅಕ್ಷರಗಳು ಹಿಡಿತಕ್ಕೆ ಸಿಕ್ಕುತ್ತಿರಲಿಲ್ಲ. ಒಂದು ಕಡೆ ಕುಳಿತಿರುವುದೂ ಅವನಿಂದ ಆಗದು. ವೈದ್ಯರು ಡಿಸ್ಲೆಕ್ಸಿಯ ಎಂದರು, ಏಕಾಗ್ರತೆಯ ಕೊರತೆ ಎಂದರು. ಮಕ್ಕಳಿಗೆ ಓದು ಕಲಿಸಿಯೇ ಅನ್ನ ತಿನ್ನುವ ತಂದೆಗೆ ತನ್ನ ಮಗನೇ ಓದಲಾರನೆಂಬ ಮಾತು ಹೇಗೆ ನಾಟಿದ್ದೀತು ಎಂಬುದನ್ನು ವಿವರಿಸಬೇಕಾಗಿಲ್ಲ.

ಹುಡುಗನಿಗೆ ಶಾಲೆಯಲ್ಲಿ ರುಚಿಸುತ್ತಿದ್ದುದು ಒಂದೇ ಒಂದು ವಿಷಯ: ಗ್ರೀಕ್ ದೇವತೆಗಳ ಕತೆ. ಆದುದರಿಂದ ಪ್ರತಿ ರಾತ್ರಿಯೂ ಮಲಗುವ ಮುನ್ನ ತಂದೆ ಅವನ್ನೇ ಹೇಳತೊಡಗಿದರು. ಸ್ಯೂಸ್ ಆಯಿತು, ಪೊಸೈಡನ್ ಆಯಿತು, ಹರ್ಕ್ಯುಲೀಸನ ಹನ್ನೆರಡು ಸಾಹಸಗಳಾದುವು. ಕೊನೆಗೊಂದು ದಿನ ಸರಕು ತೀರಿತು. ಮಗ ಬಿಡಲಿಲ್ಲ. ಹಳೆಯ ದೇವತೆಗಳನ್ನೇ ಇಟ್ಟುಕೊಂಡು ಹೊಸದೊಂದು ಕತೆ ಕಟ್ಟು ಎಂದು ಹಟ ಹಿಡಿದನು. ಆಗ ತಂದೆ ಪರ್ಸಿ ಜ್ಯಾಕ್ಸನ್ ಎಂಬೊಬ್ಬ ಹುಡುಗನನ್ನು ಸೃಷ್ಟಿಸಿ, ಮೂರು ರಾತ್ರಿಗಳ ಕಾಲ ಅವನ ಕತೆ ಹೇಳಿದರು. ಮುಗಿದ ಮೇಲೆ ಮಗನು, ಇದನ್ನು ಬರೆದುಬಿಡು ಎಂದನು. ಬರೆಯಲು ವರುಷ ಹಿಡಿಯಿತು. ಅಚ್ಚಿಗೆ ಕಳಿಸುವ ಮುನ್ನ ಹಸ್ತಪ್ರತಿಯನ್ನು ಕೆಲವು ಶಿಷ್ಯರ ಕೈಯಲ್ಲಿಟ್ಟು ಅವರ ತೀರ್ಪಿಗಾಗಿ ಕಾದರಂತೆ. ವರುಷವೆಲ್ಲ ಅಂಕ ಹಾಕುವ ಮೇಷ್ಟರು ಒಂದು ಸಲ ಶಿಷ್ಯರಿಂದ ಅಂಕ ಬೇಡುವುದು ನ್ಯಾಯವೇ ಸರಿ. ೨೦೦೫ರಲ್ಲಿ ‘ದಿ ಲೈಟ್ನಿಂಗ್ ಥೀಫ್’ ಎಂಬ ಹೆಸರಿನಿಂದ ಆ ಕತೆ ಪ್ರಕಟವಾಯಿತು. ೨೦೦೯ರ ಹೊತ್ತಿಗೆ ಐದು ಸಂಪುಟಗಳಾದುವು. ಬೆಂಗಳೂರು ಮೈಸೂರುಗಳ ಶಾಲೆಯ ಮಕ್ಕಳ ಚೀಲಗಳಲ್ಲಿಯೂ ಅವು ಸೇರಿಕೊಂಡಿವೆ.

ಕತೆಯ ಹೂರಣವೇನು? ಗ್ರೀಕ್ ದೇವತೆಗಳು ಸತ್ತಿಲ್ಲ, ಅವರಿಗೆ ಸಾವಿಲ್ಲವಲ್ಲ! ಪಾಶ್ಚಾತ್ಯ ನಾಗರಿಕತೆಯ ಜ್ಯೋತಿ ಎತ್ತ ನಡೆಯಿತೋ ಅತ್ತ ಅವರೂ ಗಂಟುಮೂಟೆ ಕಟ್ಟಿಕೊಂಡು ನಡೆದರು: ಗ್ರೀಸಿನಿಂದ ರೋಮಿಗೆ, ಅಲ್ಲಿಂದ ಯೂರೋಪಿನ ಒಂದೊಂದೇ ದೇಶಕ್ಕೆ, ಕೊನೆಗೆ ಅಮೆರಿಕಕ್ಕೆ. ಈಗ ಒಲಿಂಪಸ್ ಪರ್ವತವಿರುವುದು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಆರುನೂರನೆಯ ಅಂತಸ್ತಿನಲ್ಲಿ. ಮನುಷ್ಯರು ಕಟ್ಟಿದ ಅಂತಸ್ತುಗಳು ನೂರೆರಡು ಮಾತ್ರ. ಮಿಕ್ಕವನ್ನು ಹತ್ತಲು ಬೇರೊಂದು ಅಪ್ಪಣೆ ಬೇಕು. ನಾಗರಿಕತೆಯ ಜ್ಯೋತಿ ಅಮೆರಿಕಕ್ಕೇ ಬಂದು ನೆಲೆಸಿತೆಂಬ ಮಾತನ್ನು ಅಮೆರಿಕದವರಲ್ಲದ ಓದುಗರು ಸ್ವಲ್ಪ ನಕ್ಕು ಮುಂದೆ ಹೋಗಬೇಕು. ಅಥೆನ್ಸಿನ ಹುಡುಗನೊಬ್ಬನು ಆ ಪುಟವನ್ನು ಓದಿದರೆ, ‘ನಮ್ಮ ಮನೆಯ ದೇವರನ್ನು ಕೇಳದೆ ಕೊಂಡೊಯ್ದವರು ಯಾರು?’ ಎಂದು ಜಗಳಕ್ಕೆ ನಿಂತರೂ ಆಶ್ಚರ್ಯವಿಲ್ಲ.

ಆದರೆ ದೇವತೆಗಳನ್ನು ಹೀಗೆ ಊರು ಬಿಡಿಸಿದವರಲ್ಲಿ ರಿಯೋರ್ಡನ್ನರು ಮೊದಲಿಗರಲ್ಲ. ಅದಕ್ಕೆ ಬಹು ಹಿಂದಿನ ಚರಿತ್ರೆಯೊಂದುಂಟು. ಅದರ ಆರಂಭ ಒಂದು ಸಾವಿನ ಸುದ್ದಿಯಲ್ಲಿದೆ.

ಡೆಲ್ಫಿಯ ದೇವಾಲಯದಲ್ಲಿ ಅರ್ಚಕನಾಗಿದ್ದ ಪ್ಲುಟಾರ್ಕನು, ದೇವವಾಣಿಗಳು ಏಕೆ ನಿಂತುಹೋಗುತ್ತಿವೆ ಎಂಬುದನ್ನು ಕುರಿತು ಒಂದು ಸಂವಾದವನ್ನು ಬರೆದಿದ್ದಾನೆ. ತನ್ನ ಉದ್ಯೋಗಕ್ಕೇ ಚ್ಯುತಿ ತರುವ ಪ್ರಶ್ನೆಯನ್ನು ಅರ್ಚಕನೇ ಎತ್ತಿದ್ದು ಅವನ ದೊಡ್ಡತನ. ಅಲ್ಲಿ ಬರುವ ಕತೆ ಇದು. ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ ಹಡಗೊಂದು ಇಟಲಿಯ ಕಡೆಗೆ ಸಾಗಿತ್ತು. ಒಂದು ಸಂಜೆ ಗಾಳಿ ಬಿದ್ದುಹೋಗಿ, ಹಡಗು ಪ್ಯಾಕ್ಸಿ ದ್ವೀಪದ ಬಳಿಗೆ ತೇಲಿತು. ಪ್ರಯಾಣಿಕರಲ್ಲಿ ಹಲವರು ಊಟ ಮುಗಿಸಿ ಇನ್ನೂ ಎಚ್ಚರವಾಗಿಯೇ ಇದ್ದರು. ದ್ವೀಪದ ಕಡೆಯಿಂದ ಯಾರೋ ‘ಥಾಮುಸ್!’ ಎಂದು ಕೂಗಿದರು. ಥಾಮುಸ್ ಎಂಬವನು ಹಡಗನ್ನು ನಡೆಸುತ್ತಿದ್ದ ಈಜಿಪ್ಟಿನವನು. ಅವನ ಹೆಸರು ಪ್ರಯಾಣಿಕರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ. ಎರಡು ಬಾರಿ ಸುಮ್ಮನಿದ್ದು ಮೂರನೆಯ ಬಾರಿಗೆ ಅವನು ಓಗೊಟ್ಟನು. ಪಾಲೋಡಿಸಿನ ಎದುರಿಗೆ ಹೋದಾಗ, ಮಹಾದೇವತೆಯಾದ ಪ್ಯಾನ್ ಸತ್ತನೆಂದು ಸಾರು ಎಂದು ಆ ದನಿ ಅಪ್ಪಣೆ ಮಾಡಿತು.

ಥಾಮುಸನು ಯೋಚಿಸಿದನು. ಗಾಳಿ ಬೀಸಿದರೆ ಬಾಯಿ ಮುಚ್ಚಿಕೊಂಡು ಸಾಗಿಬಿಡುವುದು. ನೀರು ನಿಶ್ಚಲವಾಗಿದ್ದರೆ ಹೇಳಿಬಿಡುವುದು. ಪಾಲೋಡಿಸ್ ಬಂದಾಗ ಗಾಳಿಯಿಲ್ಲ, ಅಲೆಯಿಲ್ಲ. ಅವನು ಹಡಗಿನ ಹಿಂಬದಿಯಲ್ಲಿ ನಿಂತು ದಡದ ಕಡೆಗೆ ಮುಖಮಾಡಿ ಆ ಸುದ್ದಿಯನ್ನು ಕೂಗಿ ಹೇಳಿದನು. ಕೂಡಲೆ ಒಬ್ಬರದಲ್ಲ, ಬಹುಮಂದಿಯ ಗೋಳಾಟ ಕೇಳಿಬಂದಿತು. ಸುದ್ದಿ ರೋಮಿಗೆ ಮುಟ್ಟಿತು. ಚಕ್ರವರ್ತಿಯು ಥಾಮುಸನನ್ನು ಕರೆಸಿ ವಿಚಾರಿಸಿದನು. ಆಸ್ಥಾನದ ಪಂಡಿತರು ಸತ್ತ ಪ್ಯಾನ್ ಯಾರ ಮಗನೆಂಬುದನ್ನು ಚರ್ಚಿಸಿದರು. ಪಂಡಿತರು ಎಲ್ಲ ಕಾಲದಲ್ಲಿಯೂ ಒಂದೇ ಬಗೆ!

ಆಡಿನ ಕಾಲು, ತಲೆಯ ಮೇಲೆ ಕೊಂಬು, ಕೈಯಲ್ಲಿ ಕೊಳಲು: ಇದು ಪ್ಯಾನ್. ಕಾಡಿನ, ಕುರುಬರ, ಮಧ್ಯಾಹ್ನದ ಮೌನದ ದೇವತೆ. ಅವನಿಗಾಗಿ ಅತ್ತವರು ಯಾರು? ಕತೆಯಲ್ಲಿ ಅದನ್ನು ಹೇಳಿಲ್ಲ. ಹೇಳದೆ ಬಿಟ್ಟ ಆ ಜಾಗದಲ್ಲಿಯೇ ಮುಂದಿನ ಎರಡು ಸಾವಿರ ವರ್ಷಗಳ ಕತೆಗಾರರು ಬಿಡಾರ ಹೂಡಿದರು.

ಚರಿತ್ರೆಯಲ್ಲಿ ನಡೆದುದು ಇಷ್ಟೊಂದು ಕಾವ್ಯಮಯವಾಗಿರಲಿಲ್ಲ. ೩೯೧-೯೨ರಲ್ಲಿ ಥಿಯೋಡೋಸಿಯಸ್ ಚಕ್ರವರ್ತಿಯು ಹಳೆಯ ದೇವತೆಗಳ ಪೂಜೆಯನ್ನು ಕಾಯಿದೆಯಿಂದ ನಿಷೇಧಿಸಿದನು. ಅಥೆನ್ಸಿನ ಪಾರ್ಥೆನಾನ್ ದೇಗುಲವು ಮೊದಲು ಇಗರ್ಜಿಯಾಯಿತು, ಆಮೇಲೆ ಮಸೀದಿಯಾಯಿತು, ಆಮೇಲೆ ಮದ್ದಿನ ಉಗ್ರಾಣವಾಯಿತು. ೧೬೮೭ರಲ್ಲಿ ವೆನಿಸಿನವರ ಗುಂಡು ಬಿದ್ದು ಸಿಡಿಯಿತು. ಉಳಿದ ಶಿಲ್ಪಗಳಲ್ಲಿ ಸುಮಾರು ಅರ್ಧದಷ್ಟನ್ನು ಎಲ್ಗಿನ್ ಪ್ರಭುವು ಕಿತ್ತು ಲಂಡನ್ನಿಗೆ ಸಾಗಿಸಿದನು. ೧೮೧೬ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಮ್ಮಿನ ಸ್ವತ್ತಾದುವು. ಗರ್ಭಗುಡಿಯಲ್ಲಿದ್ದ ದೇವರಿಗೆ ಕಾವಲುಗಾರನೂ ಪ್ರವೇಶದ ವೇಳೆಯೂ ಗೊತ್ತಾದುವು.

ಈ ಸ್ಥಿತಿ ಕನ್ನಡದ ಓದುಗನಿಗೆ ಸುಲಭವಾಗಿ ಮನಸ್ಸಿಗೆ ಹತ್ತುವುದಿಲ್ಲ. ನಮ್ಮ ದೇವತೆಗಳಿಗೆ ನಿವೃತ್ತಿಯೇ ಇಲ್ಲ. ಆಂಜನೇಯನು ಲಾರಿಯ ಕನ್ನಡಿಯ ಮುಂದೆ ತೂಗುತ್ತಾನೆ. ಗಣಪತಿಯು ಅಂಗಡಿಯ ಹಣದ ಪೆಟ್ಟಿಗೆಯ ಮೇಲೆ ಕುಳಿತು ವ್ಯಾಪಾರ ನೋಡಿಕೊಳ್ಳುತ್ತಾನೆ. ಆಧುನಿಕ ಜಗತ್ತಿಗೆ ಅವರನ್ನು ಕರೆತರಲು ಕಾದಂಬರಿಕಾರನ ಅಗತ್ಯವಿಲ್ಲ. ಅವರು ಬಸ್ಸು ಹತ್ತಿ ಬಂದಾಗಿದೆ. ಪೂಜೆ ತಪ್ಪಿದ ದೇವರ ಪಾಡೇನು ಎಂಬ ಪ್ರಶ್ನೆ ಹುಟ್ಟುವುದು ಪೂಜೆ ನಿಂತುಹೋದ ನಾಡಿನಲ್ಲಿಯೇ.

ಆ ಪ್ರಶ್ನೆಯನ್ನು ಬಹು ಆಳವಾಗಿ ಕೇಳಿದವನು ಜರ್ಮನಿಯ ಕವಿ ಹೈನ್‌ರಿಖ್ ಹೈನೆ. ೧೮೫೩ರಲ್ಲಿ ಅವನು ‘ದೇಶಭ್ರಷ್ಟ ದೇವತೆಗಳು’ ಎಂಬರ್ಥದ ಹೆಸರಿನ ಗದ್ಯಕೃತಿಯೊಂದನ್ನು ಪ್ರಕಟಿಸಿದನು. ಕ್ರೈಸ್ತಧರ್ಮವು ಗೆದ್ದ ಮೇಲೆ ದೇವತೆಗಳು ದೆವ್ವಗಳೆನಿಸಿಕೊಂಡರು. ಅವರ ತೋಪು ಗುಡಿಗಳು ಜಪ್ತಿಯಾದುವು. ಹೊಟ್ಟೆಪಾಡಿಗಾಗಿ ವೇಷ ಮರೆಸಿಕೊಂಡು ಅವರು ಕೂಲಿನಾಲಿಗೆ ನಿಂತರು. ಜರ್ಮನಿಯಲ್ಲಿ ಮರ ಕಡಿದು, ಅಮೃತದ ಬದಲು ಬೀರು ಕುಡಿದರು. ಓದುತ್ತಿದ್ದಂತೆ ವಿರಾಟನಗರಿಯ ನೆನಪಾಗದಿರದು. ಭೀಮಸೇನನು ಸೌಟು ಹಿಡಿದಂತೆ, ಗಾಂಡೀವ ಹಿಡಿದ ಕೈ ನಾಟ್ಯದ ಮುದ್ರೆ ಹಿಡಿದಂತೆ! ಭೇದವಿಷ್ಟೆ: ಪಾಂಡವರಿಗೆ ಒಂದು ವರ್ಷವೆಂಬ ಅವಧಿಯಿದ್ದಿತು, ಬನ್ನಿಯ ಮರದಲ್ಲಿ ಆಯುಧಗಳು ಕಾದಿದ್ದುವು. ಗ್ರೀಕ್ ದೇವತೆಗಳ ಅಜ್ಞಾತವಾಸಕ್ಕೆ ಕೊನೆಯ ದಿನವೇ ಇಲ್ಲ.

ಹೈನೆಯ ಅಪೋಲೊ ಆಸ್ಟ್ರಿಯದಲ್ಲಿ ದನಕಾಯುವ ಆಳಾಗುತ್ತಾನೆ. ಅವನ ಗುಟ್ಟನ್ನು ಬಯಲಿಗೆಳೆದುದು ಅವನ ಹಾಡು. ಅಷ್ಟು ಚೆನ್ನಾಗಿ ಹಾಡುವವನು ದನಕಾಯುವವನಾಗಿರಲಾರನೆಂದು ಜನಕ್ಕೆ ಸಂಶಯ ಬಂದಿತು. ಹಿಡಿದು ಚಿತ್ರಹಿಂಸೆ ಕೊಟ್ಟರು. ತಾನು ಯಾರೆಂಬುದನ್ನು ಒಪ್ಪಿಕೊಂಡನು. ಸಾಯುವ ಮುನ್ನ ಒಮ್ಮೆ ವಾದ್ಯ ನುಡಿಸಿ ಹಾಡಲು ಅನುಮತಿ ಬೇಡಿದನು. ಆ ಹಾಡನ್ನು ಕೇಳಿದ ಹೆಂಗಸರೆಲ್ಲ ಅತ್ತರು. ಹಲವರು ಹಾಸಿಗೆ ಹಿಡಿದರು. ಇವನು ಪಿಶಾಚಿಯಾಗಿರಬೇಕೆಂದು ಕೆಲವು ದಿನಗಳ ಮೇಲೆ ಗೋರಿಯನ್ನು ಅಗೆದು ನೋಡಿದರೆ ಗೋರಿ ಬರಿದಾಗಿತ್ತು.

ಮರ್ಕ್ಯುರಿಯು ಡಚ್ಚರ ವ್ಯಾಪಾರಿಯ ವೇಷದಲ್ಲಿ ಬಂದು, ಕಡಲತೀರದ ಬೆಸ್ತನೊಬ್ಬನ ದೋಣಿಯನ್ನು ಬಾಡಿಗೆಗೆ ಹಿಡಿಯುತ್ತಾನೆ. ಸಾಗಿಸಬೇಕಾದ ಸರಕು ಸತ್ತವರ ಆತ್ಮಗಳು. ಕಣ್ಣಿಗೆ ಏನೂ ಕಾಣದು. ಆದರೆ ದೋಣಿ ಭಾರದಿಂದ ನೀರಿನಲ್ಲಿ ಕುಸಿಯುತ್ತದೆ. ಬೆಸ್ತನು ಬಾಡಿಗೆಯನ್ನು ಮಾತ್ರ ಸರಿಯಾಗಿ ಎಣಿಸಿಕೊಳ್ಳುತ್ತಾನೆ. ಬ್ಯಾಕಸ್ ಎಂಬ ಮದ್ಯದೇವತೆಯಂತೂ ಒಂದು ಮಠಕ್ಕೆ ಅಧಿಪತಿಯಾಗಿ, ಹೊಟ್ಟೆ ಬಟ್ಟೆಗೆ ಕೊರತೆಯಿಲ್ಲದೆ ಸುಖವಾಗಿದ್ದಾನೆ.

ಎಲ್ಲಕ್ಕಿಂತ ಮನಸ್ಸನ್ನು ಕಲಕುವುದು ಜೂಪಿಟರನ ಕತೆ. ಉತ್ತರದ ಹಿಮಸಮುದ್ರದಲ್ಲಿ ಮೊಲಗಳಲ್ಲದೆ ಬೇರೇನೂ ಬಾಳದ ಒಂದು ದ್ವೀಪ. ಅಲ್ಲಿ ಹರಕು ಗುಡಿಸಲು, ಮುಪ್ಪಾದ ಒಬ್ಬ ಎತ್ತರದ ಮನುಷ್ಯ. ಅವನ ಜೊತೆಗೆ ಗರಿ ಉದುರಿದ ಭಾರಿ ಹಕ್ಕಿಯೊಂದು, ಮುದಿ ಆಡೊಂದು. ಆ ಹಕ್ಕಿ ಒಂದಾನೊಂದು ಕಾಲದಲ್ಲಿ ಸಿಡಿಲನ್ನು ಹೊತ್ತ ಗರುಡ. ಆ ಆಡು ಅವನಿಗೆ ಎಳೆತನದಲ್ಲಿ ಹಾಲೂಡಿದ ದಾದಿ. ಮೊಲದ ತೊಗಲು ಮಾರಿ ಅವನ ಜೀವನ. ತಿಮಿಂಗಿಲ ಹಿಡಿಯುವ ಹಡಗೊಂದು ಅಲ್ಲಿಗೆ ಬರುತ್ತದೆ. ಅದರಲ್ಲಿ ಕೆಲವರು ಗ್ರೀಕ್ ನಾವಿಕರು. ಗ್ರೀಕ್ ಮಾತು ಕಿವಿಗೆ ಬಿದ್ದೊಡನೆ ಮುದುಕನು ತನ್ನ ಊರ ಕಡೆಯ ಸಮಾಚಾರವನ್ನು ಆತುರದಿಂದ ಕೇಳುತ್ತಾನೆ. ಇಂಥ ಬೆಟ್ಟದ ಮೇಲೆ ಒಂದು ದೇವಾಲಯವಿತ್ತಲ್ಲ, ಹೇಗಿದೆ? ಯುವಕ ನಾವಿಕನೊಬ್ಬನು ಆ ಪ್ರದೇಶದವನೇ. ಅಲ್ಲಿ ಉಳಿದಿರುವ ಮುರುಕು ಕಲ್ಲುಗಳನ್ನು ವರ್ಣಿಸುತ್ತಾನೆ. ಕೇಳುತ್ತ ಕೇಳುತ್ತ ಮುದುಕನು ನೆಲಕ್ಕೆ ಕುಸಿದು ಮಗುವಿನಂತೆ ಅಳುತ್ತಾನೆ. ಬೋಳು ಹಕ್ಕಿ ಚೀರುತ್ತದೆ. ನಾವಿಕರು ಹೆದರಿ ಹಡಗಿಗೆ ಓಡುತ್ತಾರೆ.

ಇದನ್ನು ಬರೆದವನಾದರೂ ಯಾರು? ಯೆಹೂದ್ಯ ಕುಲದಲ್ಲಿ ಹುಟ್ಟಿ, ಉದ್ಯೋಗದ ಬಾಗಿಲು ತೆರೆದೀತೆಂದು ೧೮೨೫ರಲ್ಲಿ ಕ್ರೈಸ್ತದೀಕ್ಷೆ ಪಡೆದು, ಆದರೂ ತೆರೆಯದ ಬಾಗಿಲ ಮುಂದೆ ನಿಂತು ಬೇಸತ್ತು, ೧೮೩೧ರಲ್ಲಿ ಪ್ಯಾರಿಸ್ಸಿಗೆ ಹೋಗಿ ನೆಲೆಸಿದವನು. ೧೮೩೫ರಲ್ಲಿ ಜರ್ಮನ್ ಸಂಸ್ಥಾನಗಳು ಅವನ ಬರಹಗಳನ್ನು ನಿಷೇಧಿಸಿದುವು. ೧೮೪೮ರಿಂದ ಸಾಯುವವರೆಗೆ, ಎಂದರೆ ಎಂಟು ವರ್ಷ, ಕಾಲು ಸ್ವಾಧೀನ ತಪ್ಪಿ ಹಾಸಿಗೆಯಲ್ಲಿ ಬಿದ್ದಿದ್ದನು. ಆ ಹಾಸಿಗೆಯನ್ನೇ ತನ್ನ ಸಮಾಧಿಯೆಂದು ಕರೆದನು. ಕಾಲಿನಲ್ಲಿ ಶಕ್ತಿಯಿದ್ದ ಕೊನೆಯ ದಿನ ಅವನು ಹೋದುದು ಲೂವ್ರ್ ಮ್ಯೂಸಿಯಮ್ಮಿಗೆ. ಮೈಲೋ ದ್ವೀಪದಲ್ಲಿ ೧೮೨೦ರಲ್ಲಿ ಸಿಕ್ಕಿದ ವೀನಸ್ ದೇವಿಯ ವಿಗ್ರಹದ ಕಾಲಬುಡದಲ್ಲಿ ಬಿದ್ದು ಬಹುಹೊತ್ತು ಅತ್ತನಂತೆ. ದೇವಿಯು ಕನಿಕರದಿಂದಲೇ ನೋಡಿದಳು. ಆದರೆ ಅವಳಿಗೆ ತೋಳುಗಳೇ ಇಲ್ಲ, ಎತ್ತಿಕೊಳ್ಳುವುದು ಹೇಗೆ? ಇದನ್ನು ಅವನೇ ಬರೆದುಕೊಂಡಿದ್ದಾನೆ. ಮೊಲದ ದ್ವೀಪದ ಮುದುಕನು ಎಲ್ಲಿಂದ ಬಂದನೆಂಬುದನ್ನು ಇನ್ನು ಬೇರೆ ಹುಡುಕಬೇಕಾಗಿಲ್ಲ.

ಹೈನೆಯ ಕಣ್ಣೀರು ಇಂಗ್ಲೆಂಡನ್ನೂ ಅಮೆರಿಕವನ್ನೂ ಮುಟ್ಟುವ ಹೊತ್ತಿಗೆ ಬಹುಮಟ್ಟಿಗೆ ನಗೆಯಾಗಿ ಮಾರ್ಪಟ್ಟಿತು. ೧೮೮೫ರಲ್ಲಿ ಅನ್‌ಸ್ಟಿ ಎಂಬವನು ಬರೆದ ‘ದಿ ಟಿಂಟೆಡ್ ವೀನಸ್’ ಎಂಬ ಕತೆಯಲ್ಲಿ ಲಂಡನ್ನಿನ ಕ್ಷೌರಿಕನೊಬ್ಬನು ತಾನು ಮದುವೆಯಾಗಲಿರುವ ಹುಡುಗಿಗೆಂದು ಕೊಂಡ ಉಂಗುರವನ್ನು ತಮಾಷೆಗೆ ವೀನಸ್ ವಿಗ್ರಹದ ಬೆರಳಿಗೆ ತೊಡಿಸುತ್ತಾನೆ. ದೇವಿಗೆ ಜೀವ ಬರುತ್ತದೆ. ಇನ್ನು ನೀನು ನನ್ನವನೇ ಎಂದು ಬೆನ್ನು ಹತ್ತುತ್ತಾಳೆ. ಸ್ವರ್ಗದ ಸುಂದರಿ ತಾನಾಗಿ ಒಲಿದು ಬಂದರೂ ಆ ಬಡಪಾಯಿಗೆ ಬೇಕಾದುದು ತನ್ನ ಹುಡುಗಿ, ತನ್ನ ಕತ್ತರಿ, ತನ್ನ ಅಂಗಡಿ. ಇದೇ ಉಂಗುರದ ಕತೆಯನ್ನು ೧೮೩೭ರಲ್ಲಿ ಫ್ರಾನ್ಸಿನ ಮೆರಿಮೆ ಹೇಳಿದಾಗ, ಮದುವೆಯ ರಾತ್ರಿಯೇ ಕಂಚಿನ ವಿಗ್ರಹವು ಮದುಮಗನನ್ನು ಅಪ್ಪಿ ಕೊಂದಿತ್ತು. ಅನ್‌ಸ್ಟಿಯ ಓದುಗರಿಗೆ ಅಷ್ಟು ಭಯ ಬೇಕಿರಲಿಲ್ಲ. ೧೯೩೧ರಲ್ಲಿ ಅಮೆರಿಕದ ಥಾರ್ನ್ ಸ್ಮಿತ್ ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿ ನಿಂತ ಒಲಿಂಪಸ್ಸಿನ ವಿಗ್ರಹಗಳಿಗೆಲ್ಲ ಜೀವ ಕೊಟ್ಟು ನಗರ ಸುತ್ತಿಸಿದನು. ಆಗ ಅಲ್ಲಿ ಪಾನನಿಷೇಧವಿದ್ದುದರಿಂದ ಮದ್ಯದೇವತೆಗಾದ ಫಜೀತಿಯನ್ನು ಓದುಗರೇ ಊಹಿಸಬಹುದು. ೨೦೦೭ರಲ್ಲಿ ಮೇರಿ ಫಿಲಿಪ್ಸ್ ಎಂಬ ಲೇಖಕಿ ಇಡೀ ಒಲಿಂಪಸ್ ಸಂಸಾರವನ್ನು ಲಂಡನ್ನಿನ ಒಂದು ಹಳೆಯ ಮನೆಯಲ್ಲಿ ಒಟ್ಟುಕುಟುಂಬವಾಗಿ ಇರಿಸಿದರು. ಬೇಟೆಯ ದೇವಿ ಆರ್ಟೆಮಿಸ್ ಸಿರಿವಂತರ ನಾಯಿಗಳನ್ನು ಅಡ್ಡಾಡಿಸಿ ಸಂಬಳ ಪಡೆಯುತ್ತಾಳೆ. ಭವಿಷ್ಯವಾಣಿಯ ಅಪೋಲೊ ಟೆಲಿವಿಷನ್ನಿನಲ್ಲಿ ಜೋಯಿಸನಾಗುತ್ತಾನೆ. ಮನೆ ಗುಡಿಸುವ ಸರದಿ ಯಾರದೆಂಬ ಜಗಳ ಬೇರೆ. ನಗು ಬರುತ್ತದೆ, ಆದರೆ ಅವರ ಶಕ್ತಿ ದಿನದಿನಕ್ಕೂ ಸವೆಯುತ್ತಿದೆಯೆಂಬುದು ತಿಳಿದಾಗ ನಗು ಸ್ವಲ್ಪ ತಡೆಯುತ್ತದೆ.

೧೯೬೭ರಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಟೆಲಿವಿಷನ್ ಧಾರಾವಾಹಿಯ ಒಂದು ಕಂತಿನಲ್ಲಿ ಅಪೋಲೊ ದೂರದ ಗ್ರಹವೊಂದರಲ್ಲಿ ಒಂಟಿಯಾಗಿ ಕಾದಿರುತ್ತಾನೆ. ಆಕಾಶನೌಕೆಯಲ್ಲಿ ಬಂದ ಮನುಷ್ಯರನ್ನು ಹಿಡಿದಿಟ್ಟು, ಹಿಂದಿನಂತೆ ಪೂಜಿಸಿರಿ, ನಿಮಗೆ ಬೇಕಾದುದನ್ನೆಲ್ಲ ಕೊಡುವೆನೆನ್ನುತ್ತಾನೆ. ಅವರಿಗೆ ಅವನ ವರ ಬೇಡ. ಜಗಳವಾಡಿ ಸೋತ ಮೇಲೆ ಅವನು ಗಾಳಿಯಲ್ಲಿ ಕರಗಿಹೋಗುತ್ತಾನೆ. ಗೆದ್ದ ನಾಯಕನಿಗೂ ಅದರಿಂದ ಸಂತೋಷವಾಗುವುದಿಲ್ಲ.

ಕನ್ನಡಕ್ಕೆ ಗ್ರೀಕರು ಬಂದ ದಾರಿ ಬೇರೆ. ಬಿ. ಎಂ. ಶ್ರೀಕಂಠಯ್ಯನವರು ೧೯೨೯ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ರಚಿಸಿದಾಗ, ಸೊಫೊಕ್ಲೀಸನ ವೀರನಾದ ಅಯಾಸನನ್ನು ಕುರುಕ್ಷೇತ್ರಕ್ಕೆ ಕರೆತಂದು ದ್ರೋಣಪುತ್ರನನ್ನಾಗಿ ಮಾಡಿದರು. ಅಲ್ಲಿ ಗ್ರೀಕ್ ಅತಿಥಿಗೆ ನಮ್ಮ ಮನೆಯ ಮಡಿ ಉಡಿಸಿ ಒಳಗೆ ಕೂರಿಸಿದರು; ಹಳೆಯದಕ್ಕೆ ಹಳೆಯದು ಜೊತೆಯಾಯಿತು. ಹೈನೆಯಿಂದ ರಿಯೋರ್ಡನ್ನರವರೆಗಿನವರು ಮಾಡಿದುದು ಹಾಗಲ್ಲ. ಹಳೆಯವನನ್ನು ಹಳೆಯ ಬಟ್ಟೆಯಲ್ಲಿಯೇ ಹೊಸ ಬೀದಿಗೆ ಬಿಟ್ಟು, ಜನ ಏನು ಮಾಡುತ್ತಾರೆಂದು ನೋಡಿದರು.

ಈಗ ಪರ್ಸಿ ಜ್ಯಾಕ್ಸನನ ಕಡೆಗೆ ಮರಳಬಹುದು. ಅವನಿಗೆ ಹನ್ನೆರಡು ವರ್ಷ. ಆರು ವರ್ಷಗಳಲ್ಲಿ ಆರು ಶಾಲೆ ಕಂಡವನು. ಪುಸ್ತಕ ಹಿಡಿದರೆ ಅಕ್ಷರ ಈಜಾಡುತ್ತದೆ. ಕುರ್ಚಿಯಲ್ಲಿ ಕೂತರೆ ಕಾಲು ನಿಲ್ಲದು. ತಾಯಿ ಮಿಠಾಯಿ ಅಂಗಡಿಯಲ್ಲಿ ದುಡಿಯುತ್ತಾಳೆ. ತಂದೆಯನ್ನು ಅವನು ಕಂಡೇ ಇಲ್ಲ. ಎಲ್ಲ ಕಡೆಯಿಂದಲೂ ‘ಕೆಲಸಕ್ಕೆ ಬಾರದವ’ ಎನಿಸಿಕೊಂಡ ಈ ಹುಡುಗನಿಗೆ ತಿಳಿದುಬರುವುದೇನೆಂದರೆ, ಅವನು ಸಮುದ್ರರಾಜ ಪೊಸೈಡನನ ಮಗ. ಇಂಗ್ಲಿಷ್ ಅಕ್ಷರ ಹತ್ತದಿರುವುದು ಅವನ ಮೆದುಳು ಪ್ರಾಚೀನ ಗ್ರೀಕಿಗಾಗಿ ನಿರ್ಮಿತವಾದುದರಿಂದ. ಸುಮ್ಮನೆ ಕೂರಲಾರದಿರುವುದು ರೋಗವಲ್ಲ. ರಣರಂಗದಲ್ಲಿ ಜೀವ ಉಳಿಸುವ ಚುರುಕು. ಅಂಥ ಮಕ್ಕಳೆಲ್ಲ ದೇವತೆಗಳ ಮಕ್ಕಳೇ!

ವೈದ್ಯಶಾಸ್ತ್ರದ ದೃಷ್ಟಿಯಿಂದ ಇದು ಸುಳ್ಳೆಂದು ಹೇಳುವವರುಂಟು. ಹೇಳಲಿ. ದೀಪ ಆರಿಸುವ ಮುನ್ನ ಮಂಚದ ಅಂಚಿನಲ್ಲಿ ಕುಳಿತು ತಂದೆಯೊಬ್ಬನು ಮಗನ ಕಿವಿಯಲ್ಲಿ ಹೇಳಿದ ಮಾತಿಗೆ ಪ್ರಯೋಗಶಾಲೆಯ ಸಾಕ್ಷಿ ಬೇಕಿಲ್ಲ. ಆ ಹುಡುಗನು ಮರುದಿನ ಶಾಲೆಗೆ ಹೋಗಬೇಕಾಗಿತ್ತು.

ಐದು ಸಂಪುಟಗಳೂ ಒಂದೇ ಮಟ್ಟದಲ್ಲಿವೆಯೆಂದಲ್ಲ. ಒಂದು ಪ್ರಯಾಣ, ದಾರಿಯುದ್ದಕ್ಕೂ ರಾಕ್ಷಸರು, ಕೊನೆಗೊಂದು ಮೋಸ: ಮೂರನೆಯದಕ್ಕೆ ಬರುವ ಹೊತ್ತಿಗೆ ಈ ಅಚ್ಚು ಕಣ್ಣಿಗೆ ಕಾಣತೊಡಗುತ್ತದೆ. ಚಟಾಕಿಗಳಲ್ಲಿ ಕೆಲವು ಹನ್ನೆರಡು ವರ್ಷದವರಿಗೆ ಮಾತ್ರ. ಆದರೆ ಹಳೆಯದನ್ನು ಹೊಸದಕ್ಕೆ ಹೊಂದಿಸುವ ಜಾಣ್ಮೆ ಮೆಚ್ಚಬೇಕಾದುದು. ನೋಡಿದವರನ್ನು ಕಲ್ಲಾಗಿಸುವ ಮೆಡೂಸಳು ನ್ಯೂಜೆರ್ಸಿಯ ರಸ್ತೆಬದಿಯಲ್ಲಿ ತೋಟದ ಗೊಂಬೆಗಳ ಅಂಗಡಿ ಇಟ್ಟಿದ್ದಾಳೆ. ಗೊಂಬೆಗಳ ಮುಖದಲ್ಲೆಲ್ಲ ಭಯ ಏಕಿದೆಯೆಂದು ಹಸಿದ ಮಕ್ಕಳು ತಡವಾಗಿ ಯೋಚಿಸುತ್ತಾರೆ. ಸತ್ತವರನ್ನು ಹೊಳೆ ದಾಟಿಸುವ ಅಂಬಿಗ ಕೇರನನು ಇಟಲಿಯ ಸೂಟು ತೊಟ್ಟು, ಸಂಬಳ ಹೆಚ್ಚಿಸಲಿಲ್ಲವೆಂದು ಗೊಣಗುತ್ತಾನೆ. ಅಖಿಲೀಸನಿಗೂ ಜೇಸನನಿಗೂ ಗುರುವಾಗಿದ್ದ ಕೈರಾನನು ಲ್ಯಾಟಿನ್ ಮೇಷ್ಟರಾಗಿ ಪರ್ಸಿಯ ಶಾಲೆಗೆ ಬರುತ್ತಾನೆ. ಅವನ ಸೊಂಟದ ಕೆಳಗಿನ ಭಾಗ ಕುದುರೆಯದು. ಅದನ್ನು ಮರೆಸಲು ಗಾಲಿಕುರ್ಚಿ. ತರಗತಿಯಲ್ಲಿ ಎಲ್ಲರೂ ಕೈಬಿಟ್ಟ ಹುಡುಗನಿಂದ ಅವನು ಮಾತ್ರ ಒಳ್ಳೆಯ ಉತ್ತರವನ್ನು ನಿರೀಕ್ಷಿಸುತ್ತಾನೆ. ಹುಡುಗನಿಗೆ ಅದೇ ದೊಡ್ಡ ಕಾಟವಾಗಿ ತೋರುತ್ತದೆ. ಉಪಾಧ್ಯಾಯರೊಬ್ಬರು ಬರೆದ ಪುಸ್ತಕವೆಂಬುದು ಆ ಪುಟಗಳಲ್ಲಿ ತಾನಾಗಿ ತಿಳಿಯುತ್ತದೆ.

ಪ್ಲುಟಾರ್ಕನ ಹಡಗಿನ ಸುದ್ದಿ ಇಲ್ಲಿಯೂ ಬಂದು ತಲಪಿದೆ. ಗ್ರೋವರ್ ಎಂಬ ಆಡಿನ ಕಾಲಿನ ಗೆಳೆಯನ ಕುಲದವರು ಎರಡು ಸಾವಿರ ವರ್ಷಗಳಿಂದ ಕಳೆದುಹೋದ ಪ್ಯಾನ್ ದೇವತೆಯನ್ನು ಹುಡುಕುತ್ತಿದ್ದಾರೆ. ಹುಡುಕಲು ಹೋದವರು ಮರಳಿಲ್ಲ. ಗ್ರೋವರನ ಸೋದರಮಾವನೇ ಮೆಡೂಸಳ ಅಂಗಡಿಯಲ್ಲಿ ಕಲ್ಲಾಗಿ ನಿಂತಿದ್ದನು. ೨೦೦೮ರ ಸಂಪುಟದಲ್ಲಿ ಗ್ರೋವರನು ಭೂಗರ್ಭದ ಗುಹೆಯೊಂದರಲ್ಲಿ ಕೊನೆಗೂ ತನ್ನ ದೇವರನ್ನು ಕಾಣುತ್ತಾನೆ. ಪ್ಯಾನ್ ಮರಣಶಯ್ಯೆಯಲ್ಲಿದ್ದಾನೆ, ಲೋಕದಲ್ಲಿ ಅಳಿದುಹೋದ ಪ್ರಾಣಿಗಳು ಅವನ ಸುತ್ತ ನಿಂತಿವೆ. ನಾನು ಆಗಲೇ ಹೇಳಿ ಕಳುಹಿಸಿದ್ದೆ, ನೀವು ನಂಬಲಿಲ್ಲ ಎಂಬುದು ಅವನ ಅಳಲು. ಕಾಡನ್ನು ಕಾಯಲು ದೇವರು ಬಂದಾನೆಂದು ಕಾಯಬೇಡಿರಿ, ಆ ಕೆಲಸ ಇನ್ನು ನಿಮ್ಮೆಲ್ಲರದು ಎಂದು ತಿಳಿಸಿ ಮಾಯವಾಗುತ್ತಾನೆ. ಗ್ರೋವರನು ಮರಳಿ ಬಂದು ಹಿರಿಯರ ಸಭೆಯಲ್ಲಿ ವರದಿಮಾಡಿದರೆ ಅವರು ಈಗಲೂ ನಂಬುವುದಿಲ್ಲ. ಹುಡುಕಾಟವೇ ಜೀವನೋಪಾಯವಾದವರಿಗೆ ಸಿಕ್ಕಿತೆಂಬ ಸುದ್ದಿ ಎಂದೂ ರುಚಿಸುವುದಿಲ್ಲ.

ಆದರೆ ಈ ಕತೆಯ ನಿಜವಾದ ನೋವು ಇರುವುದು ಮಕ್ಕಳ ಶಿಬಿರದಲ್ಲಿ. ಲಾಂಗ್ ಐಲೆಂಡಿನಲ್ಲಿ ದೇವತೆಗಳ ಮಕ್ಕಳಿಗಾಗಿ ಒಂದು ಬೇಸಗೆಯ ಬೀಡು. ಹನ್ನೆರಡು ದೇವತೆಗಳಿಗೆ ಹನ್ನೆರಡು ಮನೆಗಳು. ಯಾವ ದೇವತೆಯು ‘ಇದು ನನ್ನ ಮಗು’ ಎಂದು ಗುರುತು ತೋರುವನೋ ಆ ಮನೆಗೆ ಮಗು ಸೇರುತ್ತದೆ. ಗುರುತು ತೋರದಿದ್ದರೆ? ಹರ್ಮಿಸ್ ದಾರಿಹೋಕರ ದೇವತೆ. ಅವನ ಮನೆಯಲ್ಲಿ ಎಲ್ಲರಿಗೂ ಜಾಗ. ಅಲ್ಲಿ ನೆಲದ ತುಂಬ ಹಾಸಿಗೆ ಸುತ್ತಿಕೊಂಡು ಮಲಗಿರುವವರು ತಂದೆ ಯಾರೆಂದು ತಿಳಿಯದ ಮಕ್ಕಳು. ವರ್ಷ ವರ್ಷವೂ ಬರುತ್ತಾರೆ, ಕಾಯುತ್ತಾರೆ. ಪಕ್ಕದಲ್ಲಿಯೇ ಹೀರಾದೇವಿಯ ಭವ್ಯವಾದ ಮನೆ ಮರ್ಯಾದೆಗಾಗಿ ಬೀಗ ಹಾಕಿಕೊಂಡು ಬರಿದಾಗಿ ನಿಂತಿರುತ್ತದೆ. ಐದು ಸಂಪುಟಗಳ ಯುದ್ಧಕ್ಕೆ ಮೂಲವಾದುದು ಈ ನೆಲದ ಹಾಸಿಗೆಗಳೇ. ಲ್ಯೂಕ್ ಎಂಬ ತರುಣನು, ಹರ್ಮಿಸನ ಸ್ವಂತ ಮಗನೇ, ಅಪ್ಪನ ಅನಾದರದಿಂದ ಬೆಂದು ಶತ್ರುಗಳನ್ನು ಕೂಡಿಕೊಳ್ಳುತ್ತಾನೆ. ಗುರುತು ಸಿಕ್ಕದ ಮಕ್ಕಳು ಅವನನ್ನು ಹಿಂಬಾಲಿಸುತ್ತಾರೆ. ಅವನನ್ನು ಬರಿಯ ಖಳನೆಂದು ತಳ್ಳಿಹಾಕಲು ಲೇಖಕರಿಗೆ ಮನಸ್ಸು ಬಂದಿಲ್ಲ. ಕೊನೆಯಲ್ಲಿ ಒಲಿಂಪಸ್ಸನ್ನು ಉಳಿಸಲು ಪ್ರಾಣಕೊಡುವವನೂ ಅವನೇ.

ಹೈನೆಯ ಕೃತಿಯಲ್ಲಿ ದೇವತೆಗಳನ್ನು ಮನುಷ್ಯರು ಮರೆತಿದ್ದರು. ಇಲ್ಲಿ ದೇವತೆಗಳೇ ತಮ್ಮ ಮಕ್ಕಳನ್ನು ಮರೆತಿದ್ದಾರೆ. ನೂರೈವತ್ತು ವರ್ಷಗಳಲ್ಲಿ ಅಳುವ ಪಾಳಿ ಬದಲಾಯಿತು. ಯುದ್ಧ ಗೆದ್ದ ಪರ್ಸಿಗೆ ದೇವತೆಗಳು ಅಮರತ್ವವನ್ನು ಕೊಡಲು ಮುಂದೆ ಬರುತ್ತಾರೆ, ಅವನು ಬೇಡವೆನ್ನುತ್ತಾನೆ. ಸ್ಟಿಕ್ಸ್ ನದಿಯ ಮೇಲೆ ಆಣೆಯಿಟ್ಟು ಮಾತು ಕೊಡಿರಿ, ಇನ್ನು ಮುಂದೆ ನಿಮ್ಮ ಪ್ರತಿಯೊಂದು ಮಗುವಿಗೂ ಹದಿಮೂರು ತುಂಬುವುದರೊಳಗಾಗಿ ನೀವು ಯಾರೆಂದು ತಿಳಿಸಿರಿ ಎಂದು ಕೇಳುತ್ತಾನೆ. ಹದಿನಾರು ವರ್ಷದ ಹುಡುಗನೊಬ್ಬನು ಒಲಿಂಪಸ್ಸಿನ ಸಭೆಯಲ್ಲಿ ನಿಂತು ತಂದೆಯರಿಂದ ವಸೂಲುಮಾಡಿದ ಏಕೈಕ ವರವಿದು.

ಸಭೆಯಲ್ಲಿ ಪೀಠವಿಲ್ಲದ ದೇವಿಯೊಬ್ಬಳುಂಟು, ಹೆಸ್ಟಿಯ. ಒಲೆಯ ಬೆಂಕಿ ಅವಳದು. ಪ್ರಾಚೀನ ಗ್ರೀಸಿನಲ್ಲಿ ಯಾವ ದೇವರಿಗೆ ಬಲಿಯಿತ್ತರೂ ಮೊದಲ ತುತ್ತು ಅವಳಿಗೆ ಸಲ್ಲುತ್ತಿತ್ತು. ಆದರೂ ಅವಳನ್ನು ಕುರಿತ ಕತೆಗಳು ಕಡಮೆ, ಮನೆಯಲ್ಲಿ ಇರುವವರನ್ನು ಕುರಿತು ಕತೆ ಹುಟ್ಟುವುದು ಕಷ್ಟ. ರಿಯೋರ್ಡನ್ನರು ಅವಳನ್ನು ಎಂಟೊಂಬತ್ತು ವರ್ಷದ ಹುಡುಗಿಯ ರೂಪದಲ್ಲಿ ಶಿಬಿರದ ನಡುವಣ ಅಗ್ಗಿಷ್ಟಿಕೆಯ ಬಳಿ ಕೂರಿಸಿದ್ದಾರೆ. ಕೈಯಲ್ಲೊಂದು ಕೋಲು, ಕೆಂಡ ಕೆದಕುವುದೇ ಕೆಲಸ. ಕತ್ತಿ ಹಿಡಿದ ಮಕ್ಕಳು ಅವಳ ಪಕ್ಕದಿಂದಲೇ ಓಡಿಯಾಡುತ್ತಾರೆ, ಯಾರೂ ಮಾತಾಡಿಸುವುದಿಲ್ಲ. ಶಿಬಿರಕ್ಕೆ ಬಂದ ಹೊಸತರಲ್ಲಿಯೇ ಪರ್ಸಿಯು ಅವಳನ್ನು ಕಂಡಿದ್ದನು. ಯಾರೋ ಚಿಕ್ಕ ಹುಡುಗಿ ಎಂದುಕೊಂಡು ಮುಂದೆ ಹೋಗಿದ್ದನು.